ನಳಿನಾಕ್ಷಿಯ ಕೈಚೀಲ

“ಎಂತ ರಂಡೆ, ಸತ್ತವಳ ಕೈಚೀಲ ಅಂತ ಹೆದರಿಕೆಯಾ? ಹಾಕು! ಅವಳು ಒಳಗೆ ಕೂತು ಕಚ್ಚುವುದಿಲ್ಲ.”

ಮೇಸ್ತ್ರಿ ಸುಂದರಣ್ಣ ನನ್ನ ಮಡಿಲಿಗೆ ಎಸೆದದ್ದು ತಂಗಿ ನಳಿನಾಕ್ಷಿಯ ಕೈಗವಸು. ನಾವದಕ್ಕೆ ಕೈಚೀಲ ಎನ್ನುತ್ತೇವೆ. ಕಾರ್ಕಳದ ಗೇರುಬೀಜದ ಕಾರ್ಖಾನೆಯಲ್ಲಿ ಹುರಿದ ಬೀಜ ಒಡೆಯುವವರು ನಾವು. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಅದಕ್ಕೇ ಮೊದಲೆಲ್ಲ ಕೈಗೆ ಒಲೆಬೂದಿ ಮೆತ್ತಿಕೊಂಡು ಕೂರುತ್ತಿದ್ದೆವು. ಅಮೆರಿಕಕ್ಕೆ ಹೋಗುವ ತಿರುಳಿಗೆ ಬೂದಿ ಹಿಡಿಯುತ್ತದೆಂದು ಧಣಿಗಳು ಅದನ್ನು ನಿಲ್ಲಿಸಿ, ಬಟ್ಟೆಯ ಕೈಚೀಲ ಕೊಟ್ಟರು.

ನಳಿನಾಕ್ಷಿಗೆ ಎಷ್ಟು ಖುಷಿ! “ಅಕ್ಕ, ದೊರೆಸಾನಿ ಹಾಗೆ ಕಾಣ್ತದೆ ಅಲ್ವಾ?” ಎಂದು ಕೈ ತಿರುಗಿಸಿ ತೋರಿಸಿದ್ದಳು. ಬಟ್ಟೆ ಎಣ್ಣೆ ಕುಡಿಯಿತು. ಕುಡಿದದ್ದನ್ನು ದಿನವಿಡೀ ಅವಳ ಚರ್ಮಕ್ಕೆ ಒತ್ತಿ ಹಿಡಿಯಿತು. ಸಂಜೆ ಎಳೆದು ತೆಗೆದರೆ ಚರ್ಮವೂ ಬಂತು. ಹುಣ್ಣು ಕೀವಾಗಿ, ಜ್ವರ ನೆತ್ತಿಗೇರಿ, ಬೆಳ್ಮಣ್ಣಿನ ನಮ್ಮ ಗುಡಿಸಲಲ್ಲೇ ಹೋದಳು. ಹಾಲು ಕುಡಿಯುವ ಮಗುವನ್ನು ಕೊನೆಗೊಮ್ಮೆಯೂ ಎತ್ತಿಕೊಳ್ಳಲಾಗಲಿಲ್ಲ, ಪಾಪದವಳು. ಆ ಮಗು ಈಗ ನನ್ನ ಪಾಲಿಗೆ. ನನ್ನ ಕೈಯೂ ಹೋದರೆ ಅದರ ಗತಿ ಏನು?

“ಬೂದಿಯಾದ್ರೂ ಕೊಡಿ ಸುಂದರಣ್ಣ. ಇಲ್ಲದಿದ್ರೆ ಆಚೆ ಶೆಡ್ಡಿನವರ ರಬ್ಬರಿನದ್ದು ಕೊಡಿ,” ಎಂದೆ.

ಆಚೆ ಶೆಡ್ಡಿನವರು ಒಡೆದ ತಿರುಳಿನ ಪೊರೆ ಸುಲಿಯುವವರು. ಅಲ್ಲಿ ಎಣ್ಣೆಯೂ ಇಲ್ಲ, ಉರಿಯೂ ಇಲ್ಲ.

“ಅದು ಅವರ ಕೈಗಲ್ಲ ಮಾರಾಯ್ತಿ, ತಿರುಳಿಗೆ! ನಿಮ್ಮ ಬೆವರು ತಾಗಿದ್ದನ್ನು ದೊರೆಗಳು ತಿನ್ನುತ್ತಾರಾ? ಹಾಕು. ಆಗದಿದ್ರೆ ಗೇಟು ಅಲ್ಲುಂಟು.”

ಹಾಕಿಕೊಂಡೆ. ಬೆರಳು ಒಳಗೆ ಹೋದಾಗ ಅಲ್ಲಿ ಏನೋ ಇತ್ತು. ತೆಳ್ಳಗೆ, ಒಣಗಿ, ಬಟ್ಟೆಗೆ ಅಂಟಿಕೊಂಡು. ಯಾರೋ ನನ್ನ ಬೆರಳನ್ನು ಮೆಲ್ಲಗೆ ಹಿಡಿದ ಹಾಗಾಯಿತು. “ಅಯ್ಯಮ್ಮಾ!” ಎಂದು ಚೀರಿದೆ. ಮೇಸ್ತ್ರಿ ನಗುತ್ತಾ ಹೋದ.

ಒಡೆದೆ. ಬಟ್ಟೆ ನೆನೆದು ತೊಟ್ಟಿಕ್ಕುವವರೆಗೂ ಒಡೆದೆ. ಬೆರಳ ಸಂದಿಯಲ್ಲಿ ಉರಿ ಶುರುವಾಯಿತು. ತಂಗಿ ಮಾತ್ರ ಕೈ ಬಿಡಲೇ ಇಲ್ಲ. ಎದ್ದು ಆಚೆ ಶೆಡ್ಡಿಗೆ ನಡೆದೆ.

ಬಿಳಿ ಬಟ್ಟೆಯ ಮೇಲೆ ತಿರುಳಿನ ರಾಶಿ, ಡಬ್ಬಿಗೆ ತುಂಬಲು ಸಿದ್ಧವಾಗಿತ್ತು. ಕೈಚೀಲ ಕಳಚಿ ಅದರ ಮೇಲೆ ಹಿಂಡಿದೆ. ಕಪ್ಪೆಣ್ಣೆ ಸುರಿಯಿತು. ಚೀಲವನ್ನು ತಿರುವಿ ಕೊಡವಿದೆ. ನಳಿನಾಕ್ಷಿಯ ಚರ್ಮ ಉದುರಿತು.

“ಬೇವರ್ಸಿ! ಎಂತ ಮಾಡಿದ್ದೇ!” ಓಡಿಬಂದು ರಾಶಿಗೆ ಕೈ ಚಾಚಿದ ಸುಂದರಣ್ಣ, ಎಣ್ಣೆ ಕಂಡು ಸರಕ್ಕನೆ ಹಿಂದಕ್ಕೆಳೆದುಕೊಂಡ.

ಕೈಚೀಲವನ್ನು ಅವನ ಮುಂದೆ ಹಿಡಿದೆ.

“ಹೆಕ್ಕಿ ಸುಂದರಣ್ಣ. ಇದನ್ನು ಹಾಕಿಕೊಂಡು ಹೆಕ್ಕಿ.”