ತೆಂಕಣ ದ್ವೀಪದ ಕೊನೆಯ ತಿಂಗಳು

ಹಂದನಕೆರೆಯ ಬಸ್ ಸ್ಟ್ಯಾಂಡಿನ ಎದುರಿಗಿರುವ ದಿವ್ಯಳ ಅಂಗಡಿಗೆ ಜನ ಬರುವುದು ಪಹಣಿಗೆ, ಆಧಾರ್ ತಿದ್ದುಪಡಿಗೆ, ಇಲ್ಲವೇ ಬಸ್ಸು ತಡವಾದರೆ ಫ್ಯಾನಿನ ಗಾಳಿಗೆ. ಅಲ್ಲಿರುವ ಎರಡು ಕಂಪ್ಯೂಟರುಗಳಲ್ಲಿ ಒಂದು ಊರಿನದು, ಇನ್ನೊಂದು ಜಪಾನಿನದು ಎಂದು ಅವಳ ದೊಡ್ಡಮ್ಮ ಚಿತ್ತಮ್ಮ ಆಡಿಕೊಳ್ಳುತ್ತಿದ್ದಳು. ಅದು ಪೂರ್ತಿ ಸುಳ್ಳೂ ಅಲ್ಲ. ಗೋಡೆ ಕಡೆಯ ಕಂಪ್ಯೂಟರಿನೊಳಗೆ ಎಮ್ಯುಲೇಟರ್ ಎಂಬ ಒಂದು ಬಹುರೂಪಿ ಕೂತಿತ್ತು. ದಿವ್ಯ ಹುಟ್ಟುವುದಕ್ಕೆ ಹತ್ತು ವರ್ಷ ಮೊದಲು ಜಪಾನಿನಲ್ಲಿ ಮಾರಾಟವಾಗಿ, ಈಗ ಗುಜರಿಯಲ್ಲೂ ಸಿಗದ ಒಂದು ಯಂತ್ರದ ವೇಷ ಹಾಕುವುದೇ ಅದರ ಕೆಲಸ. ಆ ವೇಷದೊಳಗೆ ಓಡುತ್ತಿದ್ದ ಆಟಕ್ಕೆ ದಿವ್ಯ ಕನ್ನಡದಲ್ಲಿ ಇಟ್ಟುಕೊಂಡಿದ್ದ ಹೆಸರು ತೆಂಕಣ ದ್ವೀಪ.

ಆಟ ಸರಳ. ಸಮುದ್ರದ ನಡುವಿನ ಪುಟ್ಟ ದ್ವೀಪದಲ್ಲಿ ನಿಮ್ಮದೊಂದು ಅಂಗಡಿ. ಮೀನು, ಹಣ್ಣು, ತೆಂಗಿನಕಾಯಿ ಮಾರಿಕೊಂಡು ಮೂರು ವರ್ಷ ಬಾಳಬೇಕು. ಮೂರನೆಯ ವರ್ಷದ ಕೊನೆಗೆ ದೊಡ್ಡ ಹಡಗು ಬರುತ್ತದೆ. ಬರುತ್ತದೆ, ಆದರೆ ನಿಲ್ಲುವುದಿಲ್ಲ. ಯಾರು ಎಷ್ಟೇ ಚೆನ್ನಾಗಿ ಆಡಿದರೂ ದ್ವೀಪದ ಮುಂದಿನಿಂದ ಸೀದಾ ಹೊರಟುಹೋಗುತ್ತದೆ, ಪರದೆ ಕಪ್ಪಾಗುತ್ತದೆ, ಮುಗಿಯಿತು.

ಈ ಆಟವನ್ನು ಇಂಗ್ಲಿಷಿಗೆ ತರಲು ಜಗತ್ತಿನ ಹನ್ನೊಂದು ಮಂದಿ ಎರಡು ವರ್ಷದಿಂದ ಹೆಣಗುತ್ತಿದ್ದರು. ಮುಖಂಡ ಪೋಲೆಂಡಿನ ಮಾರೆಕ್. ಆಟದಲ್ಲಿ ಬರುವ ಬಂದರಿನವರ ಮಾತುಗಳೆಲ್ಲ ಅವರಲ್ಲಿ ಒಬ್ಬಳಾದ ದಿವ್ಯಳ ಪಾಲಿಗೆ ಬಂದಿದ್ದವು. ಅವಳು ಜಪಾನಿ ಅಕ್ಷರ ಕಲಿತದ್ದು ಇದೇ ಆಟದಿಂದ. ತಿಳಿಯದ ಕಡೆ ಪರದೆಗೆ ಫೋನು ಹಿಡಿದರೆ ಅದು ಓದಿ ಅರ್ಥ ಹೇಳುತ್ತಿತ್ತು, ತನಗೆ ತೋಚಿದ ಹಾಗೆ. ಬಂದರಿನ ಮುದುಕ “ಇವತ್ತು ಸಮುದ್ರ ಶಾಂತವಾಗಿದೆ” ಅಂದದ್ದಕ್ಕೆ ಫೋನು “ಸಮುದ್ರಕ್ಕೆ ಇವತ್ತು ರಜೆ” ಅಂದಿತ್ತು. ಅಂಥದ್ದನ್ನೆಲ್ಲ ತಿದ್ದಿ ತಿದ್ದಿಯೇ ದಿವ್ಯ ಪಳಗಿದ್ದಳು.

ಈಗ ಬಂದಿತ್ತು ಸಂಕಟ. ಹಳೆಯ ಡಿಸ್ಕು ಸವೆದು ಆಟದ ನಿಜವಾದ ಕೊನೆ ಅಳಿಸಿಹೋಗಿದೆ ಎಂದು ಮಾರೆಕ್ ತೀರ್ಮಾನಿಸಿಬಿಟ್ಟಿದ್ದ. ಹಡಗು ನಿಲ್ಲುವಂತೆ ತಾನೇ ಒಂದು ಕೊನೆ ಬರೆದು ಸೇರಿಸಿದ್ದ. ಒಂಬತ್ತು ಜನ ಸೈ ಅಂದರು. ದಿವ್ಯ ಒಬ್ಬಳೇ ಒಲ್ಲೆ ಅಂದಳು. ಇನ್ನೊಬ್ಬರು ಕಟ್ಟಿದ ಮನೆಗೆ ಬಾಗಿಲು ಸಿಗಲಿಲ್ಲ ಅಂತ ಗೋಡೆ ಒಡೆದು ನುಗ್ಗುವುದೇ? ಹಾಗಾದರೆ ಶನಿವಾರ ನಮ್ಮೂರಿನ ಮಧ್ಯಾಹ್ನ ಎರಡರೊಳಗೆ ನಿಜವಾದ ಕೊನೆ ತೋರಿಸು, ಇಲ್ಲದಿದ್ದರೆ ನನ್ನದೇ ಬಿಡುಗಡೆಯಾಗುತ್ತದೆ ಅಂದ ಮಾರೆಕ್. ಅಲ್ಲಿಯ ಎರಡು ಗಂಟೆ ಅಂದರೆ ಹಂದನಕೆರೆಯಲ್ಲಿ ಸಂಜೆ ಐದೂವರೆ. ನ್ಯಾಯದ ಮಾತು ಒಂದು ಕಡೆ ಇರಲಿ, ಆ ಕೊನೆಯನ್ನು ಜಗತ್ತಿನಲ್ಲಿ ಮೊದಲು ಕಂಡವಳು ತಾನಾಗಬೇಕು ಎಂಬ ಆಸೆಯೂ ಅವಳಿಗೆ ಬೆಟ್ಟದಷ್ಟಿತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅವಳ ಲೆಕ್ಕಾಚಾರದಲ್ಲಿ ಹಡಗು ನಿಲ್ಲದಿರುವುದಕ್ಕೆ ಕಾರಣ ಬಂದರಿನಲ್ಲಿ ಕಲ್ಲಿನ ಕಟ್ಟೆ ಇಲ್ಲದ್ದು. ಹದಿನೈದು ದಿನ ಆಡಿ ಆಟದ ಎರಡು ವರ್ಷ ದಾಟಿಸಿದ್ದಳು. ಉಗ್ರಾಣದಲ್ಲಿ ಅರವತ್ತು ತೆಂಗಿನಕಾಯಿ. ಅವನ್ನು ಮಾರಿ ಕಲ್ಲು ತರಿಸಿ ಕಟ್ಟೆ ಕಟ್ಟಿದರೆ ಕೆಲಸ ಆದಂತೆಯೇ.

ಶನಿವಾರ ಎಂದಿನಂತೆ ಚಿತ್ತಮ್ಮ ಹಟ್ಟಿಯಿಂದ ಬಂದಳು. ಅವಳಿಗೆ ನಲವತ್ತು ತೆಂಗಿನ ಮರ, ಹನ್ನೆರಡು ಮೇಕೆ, ಎಲ್ಲದರ ಮೇಲೂ ಒಂದು ಅಭಿಪ್ರಾಯ. ಮೇಕೆಗೆ ಜಂತಿನ ಔಷಧಿ ಕೊಂಡು, ನಾಲ್ಕು ಗಂಟೆ ಬಸ್ಸಿನವರೆಗೆ ಅಂಗಡಿಯಲ್ಲಿ ಕೂರುವುದು ಅವಳ ವಾಡಿಕೆ. ಕೂತು ಕೂತು ಆಟವೂ ಅವಳಿಗೆ ಅರ್ಧ ಬಂದಿತ್ತು. ಅಕ್ಷರ ಬಾರದಿದ್ದರೂ ಯಾವ ಸಾಲು ಒತ್ತಿದರೆ ಮಾರಾಟ, ಯಾವುದು ಒತ್ತಿದರೆ ಉಗ್ರಾಣ, ಯಾವುದು ಒತ್ತಿದರೆ ತಿಂಗಳು ಉರುಳುತ್ತದೆ, ಎಲ್ಲ ಗೊತ್ತು.

“ಆ ಹಸಿ ಕಾಯಿ ಮಾರ್ಬ್ಯಾಡ ಕಣೇ” ಎಂದಳು ಬಂದವಳೇ. “ಹಸಿ ಕಾಯಿ ಮಾರ್ಕೊಂಡು ಯಾರ ಮನೆ ಉದ್ಧಾರ ಆಗೈತೆ?”

“ದೊಡ್ಡಮ್ಮ, ಮೂರು ತಿಂಗ್ಳು ಇಟ್ರೆ ಅದರ ಬೆಲೆ ಸೊನ್ನೆ ಆಯ್ತದೆ. ನೀರು ಕಮ್ಮಿ ಆಯ್ತು ಅಂತ ತೋರಿಸ್ತದೆ. ಎಲ್ಲ ದೇಶದೋರೂ ಇಟ್ಟು ನೋಡಿ ಎಸೆದವ್ರೆ.”

“ಎಸೆದೋರು ತೆಂಗು ಬೆಳ್ದೋರೇನೇ?”

ದಿವ್ಯಳಿಗೆ ವಾದಕ್ಕೆ ಪುರುಸೊತ್ತಿರಲಿಲ್ಲ. ಬೆಳಗಿನಿಂದ ಪಹಣಿಯವರ ಕಾಟದಲ್ಲಿ ಊಟವೂ ಆಗಿರಲಿಲ್ಲ. ಎರಡೂವರೆಗೆ ಎದ್ದು, “ಯಾರಾದ್ರೂ ಬಂದ್ರೆ ಕೂರ್ಸು. ಇದನ್ನ ಮಾತ್ರ ಮುಟ್ಬ್ಯಾಡ” ಎಂದು ಮನೆಗೆ ಹೋದಳು. ಮುಟ್ಟಬೇಡ ಅಂದರೆ ಕೈ ತುರಿಸುವ ಜಾತಿ ಚಿತ್ತಮ್ಮನದು ಎಂಬುದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಹಸಿವು ಬುದ್ಧಿಯನ್ನು ಮಂಕು ಮಾಡಿತ್ತು.

ಮೂರೂವರೆಗೆ ತಿರುಗಿ ಬಂದರೆ ಪಹಣಿಗೆ ಕಾದಿದ್ದ ಹುಚ್ಚರಂಗಯ್ಯ ಬೆಂಚಿನ ಮೇಲೆ ಕೂತಿದ್ದರು. ಚಿತ್ತಮ್ಮ ಗೋಡೆ ಕಡೆಯ ಕಂಪ್ಯೂಟರಿನ ಮುಂದೆ, ಮುಖದಲ್ಲಿ ಕಣ ಮುಗಿಸಿ ಬಂದವರ ತೃಪ್ತಿ. ದಿವ್ಯ ಪರದೆಯ ಮೂಲೆ ನೋಡಿದಳು. ಮೂರನೆಯ ವರ್ಷ, ಹನ್ನೆರಡನೆಯ ತಿಂಗಳು.

“ಏನ್ ಮಾಡ್ದೆ ದೊಡ್ಡಮ್ಮ?”

“ಕಾಯೆಲ್ಲ ಉಗ್ರಾಣದ ಅಟ್ಟಕ್ಕಾಕ್ದೆ. ಹನ್ನೊಂದು ತಿಂಗ್ಳು ತಳ್ದೆ. ನಮ್ಮನೇಲಿ ಮಾಡಂಗೇ ಮಾಡಿವ್ನಿ, ಒಂದಿನಾನೂ ಹೆಚ್ಚು ಕಮ್ಮಿ ಇಲ್ಲ.”

ಆಟ ಪ್ರತಿ ತಿಂಗಳೂ ತಾನೇ ಬರೆದಿಟ್ಟುಕೊಳ್ಳುತ್ತದೆ, ಹಿಂದಕ್ಕೆ ಹೋಗಲು ದಾರಿಯಿಲ್ಲ. ಮೊದಲೇ ಒಂದು ನಕಲು ತೆಗೆದಿಟ್ಟಿದ್ದರೆ ಆಗುತ್ತಿತ್ತು, ಅವಳು ತೆಗೆದಿರಲಿಲ್ಲ. ಕಟ್ಟೆ ಇಲ್ಲ, ಕಲ್ಲಿಲ್ಲ, ಅರವತ್ತು ಕಾಯಿಗೂ ಬೆಲೆ ಸೊನ್ನೆ. ಮತ್ತೆ ಮೊದಲಿನಿಂದ ಆಡಲು ಹದಿನೈದು ದಿನ ಬೇಕು, ಇರುವುದು ಎರಡು ಗಂಟೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ.

“ಹಾಳ್ ಮಾಡ್ಬಿಟ್ಟೆ! ಎಲ್ಲ ಹಾಳ್ ಮಾಡ್ಬಿಟ್ಟೆ! ಓದಕ್ ಬರಲ್ಲ, ಬರೆಯಕ್ ಬರಲ್ಲ, ಗೊತ್ತಿಲ್ದಿದ್ ಕಡೆ ಯಾಕ್ ಕೈ ಹಾಕ್ತೀಯ? ಇನ್ಮೇಲೆ ಈ ಅಂಗಡಿಗೆ ಬರಲೇಬ್ಯಾಡ!”

ಹುಚ್ಚರಂಗಯ್ಯ ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಹುಡುಕುವವರಂತೆ ಮುಖ ತಿರುಗಿಸಿದರು. ದಿವ್ಯಳನ್ನು ಎತ್ತಿ ಆಡಿಸಿದ ಕೈ ಚಿತ್ತಮ್ಮನದು. ಅವಳು ಔಷಧಿಯ ಬಾಟಲಿ ಚೀಲಕ್ಕೆ ಹಾಕಿಕೊಂಡು ಸೆರಗು ಕೊಡವಿ ಎದ್ದಳು. ಬಾಗಿಲ ಬಳಿ ಮಾತ್ರ ನಿಂತಳು.

“ಅಲ್ಲಾಡ್ಸಿ ನೋಡ್ದ್ಯೇನೇ? ನೋಡ್ದಲೆ ಹಾಳಾಯ್ತು ಅಂತೀಯಲ್ಲ” ಎಂದವಳೇ ಹೊರಟುಹೋದಳು.

ದಿವ್ಯ ಊರಿನ ಕಂಪ್ಯೂಟರಿನ ಮುಂದೆ ಕೂತಳು. ಹುಚ್ಚರಂಗಯ್ಯನವರ ಪಹಣಿಗೆ ಸರ್ವೇ ನಂಬರು ತಪ್ಪು ಹೊಡೆದಳು, ಮತ್ತೆ ಹೊಡೆದಳು, ಅದೂ ತಪ್ಪಾಯಿತು. ಹತ್ತು ನಿಮಿಷ ಹೀಗೇ ಕಳೆದ ಮೇಲೆ ಆ ಮಾತು ತಲೆಯಲ್ಲಿ ಕೊರೆಯತೊಡಗಿತು. ಆಟದಲ್ಲಿ ಅಲ್ಲಾಡಿಸು ಎಂಬ ಒಂದು ಆಜ್ಞೆ ಇದೆ. ಅದು ಯಾತಕ್ಕೆ ಎಂದು ಹನ್ನೊಂದು ಜನಕ್ಕೂ ತಿಳಿದಿರಲಿಲ್ಲ. ಮರ ಅಲ್ಲಾಡಿಸಿದ್ದರು, ಬಾಗಿಲು ಅಲ್ಲಾಡಿಸಿದ್ದರು, ಬ್ರೆಜಿಲಿನವನೊಬ್ಬ ಆಟದ ಊರ ಗೌಡನನ್ನೇ ಅಲ್ಲಾಡಿಸಿ ನೋಡಿದ್ದ. ಏನೂ ಆಗಿರಲಿಲ್ಲ. ವರ್ಷ ತುಂಬಿದ ಕಾಯಿಯನ್ನು ಮಾತ್ರ ಯಾರೂ ಅಲ್ಲಾಡಿಸಿರಲಿಲ್ಲ. ಅಷ್ಟು ದಿನ ಯಾರಾದರೂ ಇಟ್ಟಿದ್ದರೆ ತಾನೇ?

ಹೋದದ್ದು ಹೋಯಿತು ಎಂದುಕೊಂಡು ಮೊದಲನೆಯ ಕಾಯಿ ಆರಿಸಿ ಆ ಸಾಲು ಒತ್ತಿದಳು. ನೀರಿನ ಸದ್ದು. ಎರಡನೆಯದು, ನೀರಿನ ಸದ್ದು. ಮೂರನೆಯದು ಒತ್ತಿದಾಗ ಸ್ಪೀಕರಿನಿಂದ ಬೇರೆಯೇ ಒಂದು ಸದ್ದು ಬಂತು.

ಲೊಡ್, ಲೊಡ್, ಲೊಡ್.

ಪರದೆಯ ಮೇಲೆ ಒಂದು ಹೊಸ ಸಾಲು ಮೂಡಿತು. ಆಟದ ಸಾಲುಗಳೆಲ್ಲ ಬಾಯಿಪಾಠವಾಗಿದ್ದ ದಿವ್ಯ ಎಂದೂ ನೋಡಿರದ ಸಾಲು. ಅದಕ್ಕೆ ಫೋನು ಹಿಡಿದಳು. “ಒಳಗಿನಿಂದ ಯಾರೋ ಕದ ತಟ್ಟುತ್ತಿದ್ದಾರೆ” ಎಂದಿತು ಫೋನು.

“ಅಯ್ಯೋ, ಗಿಟುಕಾಗೈತೆ ಕಣಮ್ಮ ಅದು! ನೀರು ಬತ್ತಿ ಕೊಬ್ರಿ ಉಂಡೆ ಕರಟ ಬಿಟ್ಟೈತೆ!” ಎಂದು ಕೂಗಿದವರು ಹುಚ್ಚರಂಗಯ್ಯ. ತಿಪಟೂರು ಮಾರುಕಟ್ಟೆಗೆ ಮೂವತ್ತು ವರ್ಷ ಕೊಬ್ಬರಿ ಹೊತ್ತ ಕಿವಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಗಂಟೆ ನೋಡಿದಳು, ನಾಲ್ಕಕ್ಕೆ ಎರಡು ನಿಮಿಷ. ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಬಸ್ಸು ಹೊರಟು ಪೆಟ್ಟಿಗೆ ಅಂಗಡಿಯ ಮುಂದೆ ತಿರುಗುತ್ತಿತ್ತು. ಅದರ ಪಕ್ಕೆಗೆ ಬಡಿದು ಬಡಿದು ನಿಲ್ಲಿಸಿದಳು.

“ದೊಡ್ಡಮ್ಮ, ಇಳಿ!”

“ಬರಲೇಬ್ಯಾಡ ಅಂದ್ಯಲ್ಲೇ” ಎಂದಳು ಚಿತ್ತಮ್ಮ ಕಿಟಕಿಯಿಂದ. “ಟಿಕೆಟ್ ತಗೊಂಡಾಯ್ತು.”

“ಲೊಡಲೊಡ ಅಂತು ದೊಡ್ಡಮ್ಮ! ಒಂದು ಕಾಯಿ ಲೊಡಲೊಡ ಅಂತು!”

ಚಿತ್ತಮ್ಮನ ಮುಖದಲ್ಲಿ ಕೋಪ ಇನ್ನೂ ಹಾಗೇ ಇತ್ತು, ಕಾಲು ಮಾತ್ರ ಆಗಲೇ ಮೆಟ್ಟಿಲ ಮೇಲಿತ್ತು. “ಇಳಿಯೋರು ಬೇಗ ಇಳೀರಿ, ಕಾಯಿ ಬಿದ್ದೈತಂತೆ” ಎಂದು ಕಂಡಕ್ಟರು ಸೀಟಿ ಊದಿದ.

ಅಂಗಡಿಯಲ್ಲಿ ಆಗಲೇ ನಾಲ್ಕೈದು ಜನ ಸೇರಿದ್ದರು. ಚಿತ್ತಮ್ಮ ಕುರ್ಚಿ ಎಳೆದು ಕೂತಳು. ದಿವ್ಯ ಈಗ ಅವಳ ಆಳು.

“ಒಂದೊಂದೇ ಅಲ್ಲಾಡ್ಸು. ಲೊಡ್ ಅಂದಿದ್ದು ಈ ಕಡೆ, ನೀರಿನ ಸದ್ದು ಆ ಕಡೆ. ನೀರಿರೋದನ್ನ ಒಡೆದೀಯ ಜೋಕೆ, ಕೊಳ್ತು ನಾರ್ತದೆ.”

ಅರವತ್ತು ಕಾಯಿ ಅಲ್ಲಾಡಿಸಿದರು. ಒಂದೊಂದಕ್ಕೂ ಗುಂಪು ಕಿವಿ ಕೊಡುತ್ತಿತ್ತು. ನೀರಿನ ಸದ್ದು ಬಂದರೆ “ಛೇ”, ಲೊಡ್ ಅಂದರೆ “ಹಾಂ!” ಎಂದು ಒಟ್ಟಿಗೇ ಕೂಗು. ಹಳೆಯ ಯಂತ್ರದ ಆಟ, ಪ್ರತಿ ಸಲವೂ ನಿಧಾನ. ಮುಗಿಯುವಷ್ಟರಲ್ಲಿ ಐದು ದಾಟಿತ್ತು. ಲೊಡ್ ಎಂದದ್ದು ಒಂಬತ್ತು.

“ಈಗ ಒಡಿ.”

ಒಡೆದಳು. ಕರಟ ಎರಡು ಹೋಳಾಗಿ ಅದರ ನಡುವಿನಿಂದ ಬೆಳ್ಳನೆಯ ಉಂಡೆ ಎದ್ದಿತು. ಫೋನು “ಚಂದ್ರ ಹುಟ್ಟಿದ” ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ದಿವ್ಯಳಿಗೆ ಕುರ್ಚಿಯ ಹಿಂದೆ ನಿಂತಲ್ಲೇ ಕುಣಿಯಬೇಕೆನ್ನಿಸಿತು.

“ಈಗ ಇದನ್ನ ಯಾರಿಗ್ ಕೊಡೋದು ದೊಡ್ಡಮ್ಮ?”

“ನನ್ನೇನ್ ಕೇಳ್ತೀಯ? ಕೊಬ್ರಿ ಮಾಡದು ನಂಗೊತ್ತು, ಜಪಾನು ನಿಂಗೊತ್ತು.”

ಆಗ ದಿವ್ಯಳಿಗೆ ಬಂದರಿನ ಮುದುಕ ಹೊಳೆದ. ಅವನ ಮಾತನ್ನೆಲ್ಲ ಅನುವಾದ ಮಾಡಿದವಳು ಅವಳೇ. ಏನು ತೋರಿಸಿದರೂ “ಇದು ದಾರಿಗೆ ಆಗದು” ಎಂದು ತಲೆಯಾಡಿಸುವವನು. ಅದು ಮುದುಕರ ಗೊಣಗಾಟ ಎಂದುಕೊಂಡು ಎರಡು ವರ್ಷ ಅದನ್ನು ದಾಟಿ ಹೋಗಿದ್ದಳು. ಆಟದ ಅಂಗಡಿಯವನನ್ನು ಬಂದರಿಗೆ ಓಡಿಸಿ ಬಿಳಿಯ ಉಂಡೆ ತೋರಿಸಿದಳು.

ಮುದುಕ ತಲೆಯಾಡಿಸಲಿಲ್ಲ. ಎದ್ದು ನಿಂತ. ಅವನು ಎದ್ದು ನಿಂತದ್ದನ್ನು ಯಾರೂ ಎಂದೂ ನೋಡಿರಲಿಲ್ಲ. ಈ ಸಲ ದಿವ್ಯ ಫೋನು ಹಿಡಿಯದೆ ತಾನೇ ಓದಿ ಕನ್ನಡದಲ್ಲಿ ಹೇಳತೊಡಗಿದಳು. ಹಡಗಿಗೆ ಮುಂದೆ ಆರು ತಿಂಗಳ ನೀರಿನ ದಾರಿ. ಮೀನು ಕೊಳೆಯುತ್ತದೆ, ಹಣ್ಣು ಕೊಳೆಯುತ್ತದೆ. ಕೆಡದ ಬುತ್ತಿ ಇರುವ ಊರಿಗೆ ಮಾತ್ರ ಹಡಗು ನಿಲ್ಲುತ್ತದೆ. ನಮ್ಮ ದ್ವೀಪದವರಿಗೆ ಅಷ್ಟು ತಾಳ್ಮೆ ಇಲ್ಲ ಎಂದುಕೊಂಡಿದ್ದೆ.

“ಸರ್ಯಾಗಿ ಹೇಳವ್ನೆ” ಎಂದಳು ಚಿತ್ತಮ್ಮ.

ಮುದುಕ ಬಂಡೆಯ ಮೇಲೆ ಬೆಂಕಿ ಹಾಕಿದ. ದೂರದಲ್ಲಿ ಹೋಗುತ್ತಿದ್ದ ಹಡಗು ಮೂತಿ ತಿರುಗಿಸಿತು. ಬರಬರುತ್ತಾ ಪರದೆ ತುಂಬ ಹಡಗೇ ಆಯಿತು. ಯಾರೂ ಕೇಳಿರದ ಒಂದು ಸಂಗೀತ ಮೊದಲಾಯಿತು. ಡಿಸ್ಕು ಸವೆದಿರಲಿಲ್ಲ. ಏನೂ ಅಳಿಸಿರಲಿಲ್ಲ. ಮೂವತ್ತಾರು ಮೂವತ್ತೇಳು ವರ್ಷದಿಂದ ಅದು ಒಳಗೇ ಇತ್ತು. ದಿವ್ಯಳಿಗೆ ಅಳು ಬಂತು, ನಗುವೂ ಬಂತು, ಯಾವುದನ್ನು ಮೊದಲು ಮಾಡುವುದೆಂದು ತಿಳಿಯಲಿಲ್ಲ.

ಸಂಗೀತ ನಿಂತು ಒಂದು ಖಾಲಿ ಚೌಕ ಮಿನುಗತೊಡಗಿತು, ಅದರ ಮೇಲೊಂದು ಪ್ರಶ್ನೆ. ಇದನ್ನು ಇಷ್ಟು ದಿನ ಇಟ್ಟು ಕಾಯ್ದವರು ಯಾರು? ಹಡಗಿಗೆ ಅವರ ಹೆಸರಿಡುತ್ತೇವೆ.

ದಿವ್ಯಳ ಬೆರಳು ತಾನೇ ತಾನಾಗಿ ತನ್ನ ಹೆಸರಿನ ಮೊದಲ ಅಕ್ಷರ ಒತ್ತಿತ್ತು. ಪರದೆಯಲ್ಲಿ ನಡೆದದ್ದೆಲ್ಲ ದಾಖಲಾಗುತ್ತಿತ್ತು. ಈ ಚಿತ್ರವನ್ನೇ ಮಾರೆಕ್‌ಗೆ ಕಳಿಸುವುದು, ಇದನ್ನೇ ಜಗತ್ತು ನೋಡುವುದು. ಎರಡು ವರ್ಷ ಹಂಬಲಿಸಿದ್ದು ಇದಕ್ಕೇ. ಅವಳು ಆ ಅಕ್ಷರವನ್ನು ದಿಟ್ಟಿಸಿದಳು. ನಾಚಿಕೆಯಾಯಿತು. ಅಳಿಸಿದಳು. ಒಂದೊಂದೇ ಅಕ್ಷರ ಹುಡುಕಿ ಬೇರೆ ಹೆಸರು ಬರೆದು ಒತ್ತಿದಳು. ಹಡಗಿನ ಪಕ್ಕೆಯ ಮೇಲೆ ದೊಡ್ಡ ಜಪಾನಿ ಅಕ್ಷರಗಳು ಮೂಡಿದವು.

“ಏನಂತೆ?” ಚಿತ್ತಮ್ಮ ಕೇಳಿದಳು.

“ಚಿತ್ತಮ್ಮ ಅಂತ.”

ಚಿತ್ತಮ್ಮ ಮುಂದಕ್ಕೆ ಬಾಗಿ, ಓದಲು ಬಾರದ ಆ ಅಕ್ಷರಗಳನ್ನು ಹಡಗು ಮರೆಯಾಗುವವರೆಗೂ ನೋಡಿದಳು.

ಐದು ಇಪ್ಪತ್ತೆರಡಕ್ಕೆ ಚಿತ್ರ ಹೋಯಿತು. ಐದೂವರೆಗೆ ಮಾರೆಕ್‌ನ ಉತ್ತರ ಬಂತು. “ನನ್ನ ಕೊನೆಯನ್ನು ಅಳಿಸಿದ್ದೇನೆ. ಯಾರು ಈ ಚಿತ್ತಮ್ಮ?”

ದಿವ್ಯ ಬಹಳ ಹೊತ್ತು ಟೈಪ್ ಮಾಡಿದಳು. ಗುಂಪು ಕರಗಿತು. ಹುಚ್ಚರಂಗಯ್ಯ ಪಹಣಿಯನ್ನೇ ಮರೆತು ಸುದ್ದಿ ಹಂಚಲು ಹೋಟೆಲಿನ ಕಡೆ ಹೋದರು.

“ಏನೇ ಅಷ್ಟುದ್ದ ಬರೀತೀಯ?”

“ನಮ್ ದೊಡ್ಡಮ್ಮ ಅಂತ ಬರ್ದೆ. ಆಟ ಗೆದ್ದಿದ್ದು ನಾನಲ್ಲ, ಅವಳು ಅಂತ.”

“ನೀನು ಬೈದಿದ್ದು?”

ದಿವ್ಯ ತಲೆ ತಗ್ಗಿಸಿದಳು. “ಅದನ್ನೂ ಬರ್ದಿವ್ನಿ. ಏನೇನ್ ಅಂದೆ, ಎಲ್ಲ.”

“ಓದಕ್ ಬರಲ್ಲ ಅಂದಿದ್ದು?”

“ಹ್ಞೂಂ.”

ಚಿತ್ತಮ್ಮ ಕೈ ಚಾಚಿ ದಿವ್ಯಳ ತಲೆ ಸವರಿದಳು.

“ಹಂಗಾರೆ ಸರಿ” ಎಂದಳು. “ಕಳ್ಸು.”