ಕುಂಕುಮ ಹಚ್ಚಿದ ಪಾಸ್‌ಪೋರ್ಟ್

ಕುವೈತಿನ ರಿಗ್ಗೈಯಲ್ಲಿ ನಮ್ಮ ನೆರೆಯ ಸದಾನಂದರ ಮನೆಯಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಬೆಳ್ಳಿ ಬಂಗಾರದ ಜೊತೆ ಬೇರೆಯವರ ಪಾಸ್‌ಪೋರ್ಟುಗಳೂ ಮಣೆಯೇರುತ್ತಿದ್ದವು. ಗಾಲಿಯ ಮೇಲಿನ ಹಳೆಯ ಕ್ಯಾಬಿನ್ ಮನೆಗಳನ್ನು ನಮ್ಮ ಊರ ಕಡೆಯಿಂದ ದುಡಿಯಲು ಬಂದವರಿಗೆ ಕಂತಿನಲ್ಲಿ ಮಾರುವುದು ಸದಾನಂದರ ವ್ಯಾಪಾರ. ಕಂತು ತೀರುವವರೆಗೆ ಪಾಸ್‌ಪೋರ್ಟ್ ಒತ್ತೆ. ಅವರೊಬ್ಬರನ್ನೇ ಏಕೆ ದೂರಲಿ? ನಮ್ಮಲ್ಲಿ ಹಲವರದು ಇದೇ ರೂಢಿ, ಅದಕ್ಕೆ ವಿಶ್ವಾಸವೆಂದು ಹೆಸರು ಬೇರೆ. ವಿಶ್ವಾಸವಿದ್ದಲ್ಲಿ ಒತ್ತೆ ಯಾತಕ್ಕೆಂದು ಕೇಳುವವರೇ ಇಲ್ಲ.

ಈ ಸಲ ಆರತಿ ಮುಗಿದು, ನಾವೆಲ್ಲ ಪಾಯಸಕ್ಕೆ ಕುಳಿತಾಗ ಲೋಕನಾಥ ಬಂದ. ಅಹ್ಮದಿಯಲ್ಲಿ ವೆಲ್ಡರ್. ಕಂಪೆನಿ ಸಂಬಳ ಕೊಡದೆ ಅವನ ಕಂತು ಬಾಕಿಯಾಗಿತ್ತು.

"ಸದಾನಂದಣ್ಣ, ಅಮ್ಮನನ್ನು ಪುತ್ತೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ. ಒಮ್ಮೆ ಮುಖ ನೋಡಿ ಬರ್ತೇನೆ, ಪಾಸ್‌ಪೋರ್ಟ್ ಕೊಡಿ."

"ಹೋದವ ಬಾರದಿದ್ರೆ ನಾನೆಂತ ಮಾಡುದು ಮಾರಾಯ?"

"ಕ್ಯಾಬಿನ್ ಇಲ್ಲೇ ಉಂಟಲ್ಲ?" ಅವರ ಹೆಂಡತಿ ಆಶಾಲತಾ ಸೌಟು ಹಿಡಿದೇ ಹೊರಬಂದರು. "ಬಾಕಿಯಾದ್ರೆ ಅದನ್ನು ವಾಪಸ್ ತೆಕ್ಕೊಳ್ಳಿ. ನೀವು ಮಾರಿದ್ದು ಕ್ಯಾಬಿನ್, ಇವನನ್ನು ಕೊಂಡದ್ದಲ್ಲ."

"ನಿನಗೆ ವ್ಯಾಪಾರ ಗೊತ್ತಿಲ್ಲ. ನಾನು ಬಂದ ಕಾಲಕ್ಕೆ ನನ್ನದನ್ನೂ ಇಟ್ಟುಕೊಂಡಿದ್ರು, ನಾನೇನು ಸತ್ತೆನಾ? ಮತ್ತೆ, ಪೂಜೆಗಿಟ್ಟದ್ದನ್ನು ಇವತ್ತು ಮನೆಯಿಂದ ಹೊರಗೆ ಕೊಡ್ಲಿಕ್ಕಿಲ್ಲ. ಲಕ್ಷ್ಮಿ ಹೋಗ್ತಾಳೆ. ನಾಳೆ ನೋಡುವ."

ಲೋಕನಾಥ ಪಾಯಸ ಮುಟ್ಟದೆ ಹೋದ. ನಾನು ಅತಿಥಿಯ ಸಂಕೋಚಕ್ಕೆ ಬಿದ್ದು ನನ್ನ ಪಾಯಸ ಮುಗಿಸಿದೆ.

ಬೆಳಗಾಗುವಷ್ಟರಲ್ಲಿ ಅವನ ಅಮ್ಮ ತೀರಿಕೊಂಡಿದ್ದರು. ಸುದ್ದಿ ತಿಳಿದ ಆಶಾಲತಾ ಗಂಡನನ್ನು ಕೇಳದೆ ಪಾಸ್‌ಪೋರ್ಟ್ ತೆಗೆದುಕೊಂಡು ನನ್ನ ಕಾರು ಹತ್ತಿದರು. ನಾವು ಹೋದಾಗ ಅವನು ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕುಳಿತಿದ್ದ. ಅಣ್ಣನ ಮಗ ಚಿತೆಗೆ ಬೆಂಕಿಯಿಡುವುದನ್ನು ಮೊಬೈಲಿನಲ್ಲಿ ನೋಡುತ್ತ, ಆ ಮೊಬೈಲಿಗೇ ಕೈ ಮುಗಿದ.

ಆಶಾಲತಾ ಪಾಸ್‌ಪೋರ್ಟ್ ಮುಂದೆ ಹಿಡಿದರು. ಮೇಲೆ ಕುಂಕುಮ ಹಾಗೆಯೇ ಇತ್ತು.

"ಇನ್ನು ಯಾರ ಮುಖ ನೋಡ್ಲಿಕ್ಕೆ ಹೋಗುದು ಅಕ್ಕಾ?"

ಆಶಾಲತಾ ಅದನ್ನು ಅವನ ತೊಡೆಯ ಮೇಲಿಟ್ಟು ಕಾರಿಗೆ ಮರಳಿದರು. ಮನೆಗೆ ಬಂದವರೇ ಉಳಿದ ಪಾಸ್‌ಪೋರ್ಟುಗಳನ್ನೆಲ್ಲ ಮಣೆಯಿಂದ ಎತ್ತಿಕೊಂಡರು. ಸದಾನಂದರು ಬಾಗಿಲಿಗೆ ಅಡ್ಡ ನಿಂತರು.

"ಎಲ್ಲ ಓಡಿಹೋದ್ರೆ?"

"ಹೋಗ್ಲಿ. ಅವರಿಗೂ ಅಮ್ಮಂದಿರಿದ್ದಾರೆ."

ಆಶಾಲತಾ ಸೆರಗಿನಿಂದ ಒಂದೊಂದರ ಕುಂಕುಮವನ್ನೂ ಒರೆಸಿ, ಮೇಲಿದ್ದುದರ ಹೆಸರು ಓದಿ ಫೋನು ಕೈಗೆತ್ತಿಕೊಂಡರು.

"ಅಶ್ಕರ್, ನಿನ್ನ ಪಾಸ್‌ಪೋರ್ಟ್ ಬಂದು ಕೊಂಡುಹೋಗು. ಇಲ್ಲ, ಕಂತಿನ ಮಾತು ಆಮೇಲೆ."