ಇನ್ನೂರ ಹನ್ನೆರಡನೇ ಕಿಲೋಮೀಟರ್

ಎವರ್‌ಗ್ರೀನ್ ಬಡಾವಣೆಯ ಗುಡ್ಡದ ಮೇಲಿನ ಅಜಿತನ ಮನೆಯಲ್ಲಿ ಭಾನುವಾರ ಮಧ್ಯಾಹ್ನ ನಲವತ್ತು ಜನ ಸೇರಿದ್ದರು. ಮೊರಾಕ್ಕೊದಿಂದ ಸೆನೆಗಲ್‌ವರೆಗೆ ಹನ್ನೆರಡು ದಿನ ಮರಳುಗಾಡಿನಲ್ಲಿ ಕಾರು ಓಡಿಸಿ, ರ‍್ಯಾಲಿ ಮುಗಿಸಿ ಬಂದಿದ್ದ ಅಜಿತ್ ಟೀವಿಯಲ್ಲಿ ಫೋಟೊ ತೋರಿಸುತ್ತಿದ್ದ. ಅಷ್ಟೂ ದಿನ ಅವನ ಪಕ್ಕ ಕೂತು ದಾರಿ ಹೇಳಿದವಳು ಸೌದಾಮಿನಿ. ಹತ್ತು ವರ್ಷದ ಗೆಳತಿ, ಹತ್ತಿರದ ಊರು ಪ್ಲೆಸೆಂಟನ್‌ನಲ್ಲಿ ಇಂಜಿನಿಯರು. ಬಿಸಿಬೇಳೆಬಾತಿನ ತಟ್ಟೆ ಹಿಡಿದು ಗೋಡೆಗೊರಗಿ ನಿಂತಿದ್ದಳು.

“ಏಳನೇ ದಿನ, ಮಾರಿಟಾನಿಯಾದಲ್ಲಿ, ಒಂದು ಪಿಕಪ್ಪು ಮಗುಚಿಕೊಂಡಿತ್ತು,” ಎಂದ ಅಜಿತ್. “ಪಕ್ಕದಲ್ಲೇ ಹೋಗಿದೀವಿ, ಗೊತ್ತೇ ಆಗ್ಲಿಲ್ಲ. ಆಮೇಲೆ ರ‍್ಯಾಲಿಯವ್ರು ನನ್ನ ಕರೆದು ಎನ್‌ಕ್ವಯರಿ ಮಾಡಿದ್ರು. ಧೂಳಲ್ಲಿ ನಂಗೇನೂ ಕಾಣ್ಲಿಲ್ಲ, ನೋಡಿ ಹೇಳ್ಬೇಕಾದೋಳು ನಿದ್ದೆ ಹೊಡೀತಿದ್ಲು ಅಂದೆ!”

ಜನ ನಕ್ಕರು. “ಪಾಪ, ಸುಸ್ತಾಗಿತ್ತೇನೋ ಬಿಡಿ,” ಎಂದಳು ಅಜಿತನ ಹೆಂಡತಿ ರಂಜನಿ.

ಸೌದಾಮಿನಿಯ ಕಿವಿ ಕಾದುಹೋಯಿತು. ಎನ್‌ಕ್ವಯರಿಯ ಮಾತನ್ನು ಅವಳು ಕೇಳಿದ್ದೇ ಈಗ. ಅವತ್ತು ಧೂಳೇ ಇರಲಿಲ್ಲ. ಇನ್ನೂರ ಹನ್ನೆರಡನೇ ಕಿಲೋಮೀಟರಿನಲ್ಲಿ ಚಕ್ರ ಮೇಲಾಗಿ ಬಿದ್ದ ಬಿಳಿ ಪಿಕಪ್ಪು, ಕಿಟಕಿಯಿಂದಾಚೆ ಆಡುತ್ತಿದ್ದ ಒಂದು ಕೈ, ಎರಡೂ ಅವಳಿಗೆ ಸ್ಪಷ್ಟವಾಗಿ ಕಂಡಿದ್ದವು. ಮೊದಲು ಕಂಡವರು ನಿಲ್ಲಲೇಬೇಕೆಂಬುದು ರ‍್ಯಾಲಿಯ ನಿಯಮ. ನಿಲ್ಲಿಸು ಎಂದು ಕಿರುಚಿದ್ದಳು. “ಹಿಂದಿನೋರು ನಿಲ್ಲಿಸ್ತಾರೆ, ನಮಗೆ ಟೈಮಿಲ್ಲ,” ಎಂದು ಅಜಿತ್ ಇನ್ನೂ ಜೋರಾಗಿ ಓಡಿಸಿದ್ದ. ಹಿಂದಿನ ಕಾರು ಬಂದದ್ದು ಐವತ್ತು ನಿಮಿಷದ ಮೇಲೆ. ಪಿಕಪ್ಪಿನ ಡ್ರೈವರಿನ ಎಡಗಾಲು ಉಳಿಯಲಿಲ್ಲ.

“ನಾನು ನಿದ್ದೆ ಮಾಡ್ತಿದ್ನಾ ಅಜಿತ್?”

“ಅಯ್ಯೋ, ತಮಾಷೆಗೆ ಕಣೇ.”

“ಎನ್‌ಕ್ವಯರಿಯಲ್ಲಿ ಹೇಳಿದ್ದೂ ತಮಾಷೆನಾ?” ತಟ್ಟೆಯನ್ನು ಮೇಜಿಗೆ ಕುಕ್ಕಿದಳು. “ನಿಲ್ಸು ನಿಲ್ಸು ಅಂತ ಮೂರು ಸಲ ಬಡ್ಕೊಂಡೆ. ನೀನೂ ತಿರುಗಿ ನೋಡ್ದೆ. ನೋಡೇ ಹೋದೆ.”

ಅಜಿತನ ಮುಖ ಕೆಂಪಾಯಿತು. “ಎಲ್ಲರ ಮುಂದೆ ಬೇಕಿತ್ತಾ ಇದು? ಅವನೇನು ಸತ್ತುಹೋದ್ನಾ?”

“ಕಾಲು ಹೋಯ್ತಲ್ಲೋ! ಇನ್ನೇನು ಹೋಗ್ಬೇಕಿತ್ತು?”

“ನಿನ್ನ ಮುಂದೇನೇ ಎಮರ್ಜೆನ್ಸಿ ಬಟನ್ ಇತ್ತು. ಒತ್ತಿದ್ಯಾ? ಅದನ್ನೂ ಹೇಳು.”

ಒತ್ತಿದರೆ ರ‍್ಯಾಲಿಯವರಿಗೆ ಸುದ್ದಿ ಹೋಗಿ ತಮ್ಮ ಕಾರನ್ನೂ ನಿಲ್ಲಿಸುತ್ತಾರೆ, ರ‍್ಯಾಲಿ ಕೈತಪ್ಪುತ್ತದೆ ಎಂದು ಅವತ್ತು ಸೌದಾಮಿನಿಯ ಬೆರಳು ಗುಂಡಿಯ ಹತ್ತಿರ ಹೋಗಿ ಹಿಂದೆ ಬಂದಿತ್ತು.

“ಒತ್ತಲಿಲ್ಲ,” ಎಂದಳು. “ಅದಕ್ಕೇ ನಿನ್ನ ಮುಖ ನೋಡಿದ್ರೂ ಮೈ ಉರಿಯತ್ತೆ, ಕನ್ನಡೀಲಿ ನನ್ನ ಮುಖ ನೋಡ್ಕೊಂಡ್ರೂ ಉರಿಯತ್ತೆ.”

ಹೊರಗೆ ಬಂದು ಕಾರಿನಲ್ಲಿ ಕೂತು, ರ‍್ಯಾಲಿಯವರಿಗೆ ನಡೆದದ್ದೆಲ್ಲ ಬರೆದಳು, ಬಟನ್ನಿನ ವಿಷಯವನ್ನೂ. ರಂಜನಿ ಓಡಿಬಂದು ಕಿಟಕಿ ತಟ್ಟಿ, “ಬೇಡ ಕಣೇ, ಪ್ಲೀಸ್,” ಎನ್ನುವಷ್ಟರಲ್ಲಿ ಮೇಲ್ ಹೋಗಿಯಾಗಿತ್ತು.

ನಾಲ್ಕನೇ ದಿನ ಉತ್ತರ ಬಂತು: ಇಬ್ಬರ ಫಲಿತಾಂಶವೂ ರದ್ದು, ಇಬ್ಬರಿಗೂ ಐದು ವರ್ಷ ನಿಷೇಧ. ಅಜಿತ್ ಫೋನಿನಲ್ಲಿ ಅವಳ ನಂಬರನ್ನೇ ಬ್ಲಾಕ್ ಮಾಡಿದ. ಅದಕ್ಕೆ ಅವಳು ಅಳಲಿಲ್ಲ.

ಆ ಡ್ರೈವರಿನ ಮನೆಯ ನಂಬರು ಹುಡುಕಿ ಸೆನೆಗಲ್‌ನ ಡಕಾರ್‌ಗೆ ಫೋನು ಮಾಡಿದಳು. ಅವನ ಮಗಳು ಎತ್ತಿದಳು. ತಾನು ಯಾರೆಂದು ಸೌದಾಮಿನಿ ಹೇಳಿದ್ದೇ ತಡ, ಆ ಹುಡುಗಿ ಅರ್ಧ ಫ್ರೆಂಚ್, ಅರ್ಧ ಇಂಗ್ಲಿಷಿನಲ್ಲಿ ಬಾಯಿಗೆ ಬಂದಂತೆ ಬೈಯತೊಡಗಿದಳು. ಸಾರಿ ಎನ್ನಲೂ ಬಿಡಲಿಲ್ಲ. ಸೌದಾಮಿನಿ ಫೋನು ಇಡಲಿಲ್ಲ. ಹುಡುಗಿ ಬೈದು ಮುಗಿಸುವವರೆಗೂ ಕಿವಿಗೊಟ್ಟು ಕೂತಳು.